ಅಮೆರಿಕದಲ್ಲಿ ಕಂಪನಿ ಕೊಡುವ ಗುಂಪು ಆರೋಗ್ಯ ಯೋಜನೆ: ಬದಲಾಗುತ್ತಿರುವ ಕಾನೂನಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ದುಡಿಯುವ ಕನ್ನಡಿಗರು ಪ್ರತಿ ವರ್ಷ ಹೆಚ್ಚುಕಡಿಮೆ ದೀಪಾವಳಿಯ ಆಸುಪಾಸಿನಲ್ಲಿ ಕಂಪನಿಯ ಆರೋಗ್ಯ ಯೋಜನೆಯನ್ನು ಹೊಸದಾಗಿ ಆರಿಸಿಕೊಳ್ಳಬೇಕಾಗುತ್ತದೆ. ಓಪನ್ ಎನ್‌ರೋಲ್‌ಮೆಂಟ್ ಎಂದು ಕರೆಯುವ ಆ ಎರಡು ಮೂರು ವಾರಗಳಲ್ಲಿ ಬಹುತೇಕರು ಕಳೆದ ವರ್ಷದ ಆಯ್ಕೆಯನ್ನೇ ಒತ್ತಿ ಮುಂದೆ ಹೋಗುತ್ತಾರೆ. ಆದರೆ 2020ರ ಕೊನೆಯಿಂದೀಚೆಗೆ ಈ ಯೋಜನೆಗಳ ಕಾನೂನು ಸಾಕಷ್ಟು ಬದಲಾಗಿದೆ. ಆ ಬದಲಾವಣೆಗಳ ಪೈಕಿ ನೌಕರರ ಜೇಬಿಗೂ ಹಕ್ಕಿಗೂ ನೇರವಾಗಿ ತಾಗುವಂಥವನ್ನು ಇಲ್ಲಿ ವಿವರಿಸಲಾಗಿದೆ. ಮೊತ್ತಗಳು 2026ರ ವರ್ಷಕ್ಕೆ ಅನ್ವಯವಾಗುವಂಥವು. ಇದು ಸಾಮಾನ್ಯ ತಿಳಿವಳಿಕೆಗಾಗಿ ಬರೆದದ್ದು. ನಿಮ್ಮದೇ ಪ್ರಕರಣಕ್ಕೆ ವಕೀಲರನ್ನು ಕೇಳುವುದು ಒಳ್ಳೆಯದು.

ಆರೋಗ್ಯ ವಿಮೆಗೂ ನೌಕರಿಗೂ ಈ ದೇಶದಲ್ಲಿ ಇಷ್ಟೊಂದು ಗಂಟು ಬಿದ್ದದ್ದು ಹೇಗೆ?

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬೆಲೆಯೇರಿಕೆಯನ್ನು ತಡೆಯಲು ಸರ್ಕಾರ ಸಂಬಳಗಳಿಗೆ ಮಿತಿ ಹಾಕಿತು. ಕೆಲಸಗಾರರ ಕೊರತೆಯಿಂದ ಕಂಗೆಟ್ಟಿದ್ದ ಕಾರ್ಖಾನೆಗಳು ಸಂಬಳ ಏರಿಸಲಾಗದೆ, ಆ ಮಿತಿಯ ಹೊರಗಿದ್ದ ಆರೋಗ್ಯ ವಿಮೆಯನ್ನು ಕೊಟ್ಟು ಜನರನ್ನು ಸೆಳೆದವು. ಕಂಪನಿ ಕಟ್ಟುವ ಪ್ರೀಮಿಯಂ ನೌಕರನ ಆದಾಯವಲ್ಲ, ಅದಕ್ಕೆ ತೆರಿಗೆಯಿಲ್ಲ ಎಂಬುದನ್ನು 1954ರ ತೆರಿಗೆ ಸಂಹಿತೆ ಖಚಿತಪಡಿಸಿದ ಮೇಲೆ ಯುದ್ಧಕಾಲದ ಆ ಉಪಾಯವೇ ಕಾಯಂ ವ್ಯವಸ್ಥೆಯಾಯಿತು. 1974ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಎರಿಸಾ ಕಾಯ್ದೆ ಹುಟ್ಟಿದ್ದು ಮುಖ್ಯವಾಗಿ ಪಿಂಚಣಿ ಹಣದ ರಕ್ಷಣೆಗಾಗಿ. ಆರೋಗ್ಯ ಯೋಜನೆಗಳೂ ಅದರ ವ್ಯಾಪ್ತಿಗೆ ಸೇರಿದ್ದರಿಂದ, ಖಾಸಗಿ ಕಂಪನಿಗಳ ಗುಂಪು ಯೋಜನೆಗಳ ಮೂಲ ಕಾನೂನು ಇಂದಿಗೂ ಅದೇ.

ನನ್ನ ಕಾರ್ಡಿನ ಮೇಲೆ ದೊಡ್ಡ ವಿಮಾ ಕಂಪನಿಯ ಹೆಸರಿದೆ. ಹಾಗಾದರೆ ಆಸ್ಪತ್ರೆಯ ಬಿಲ್ಲಿಗೆ ಹಣ ಕೊಡುವುದು ಅವರೇ ಅಲ್ಲವೇ?

ಬಹಳಷ್ಟು ಸಲ ಅಲ್ಲ. ಕಂಪನಿಯ ಯೋಜನೆಯಡಿ ಇರುವ ನೌಕರರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರ ಯೋಜನೆಗೆ ಹಣ ಹಾಕುವುದು ಅವರ ಉದ್ಯೋಗದಾತ ಕಂಪನಿಯೇ. ಕಂಪನಿಯ ಪಾಲು ಮತ್ತು ನಿಮ್ಮ ಸಂಬಳದಿಂದ ಕಡಿದ ಪಾಲು ಸೇರಿದ ಹಣದಿಂದ ಬಿಲ್ಲುಗಳು ಪಾವತಿಯಾಗುತ್ತವೆ. ಕಾರ್ಡಿನ ಮೇಲೆ ಹೆಸರಿರುವ ವಿಮಾ ಕಂಪನಿ ಅಂಥ ಕಡೆ ಗುಮಾಸ್ತಿಕೆ ಮಾತ್ರ ಮಾಡುತ್ತದೆ. ವೈದ್ಯರ ಜಾಲವನ್ನು ಒದಗಿಸುವುದು, ಕ್ಲೇಮುಗಳನ್ನು ಪರಿಶೀಲಿಸುವುದು, ಚೆಕ್ಕು ಕಳಿಸುವುದು ಅದರ ಕೆಲಸ, ಅದಕ್ಕೆ ಶುಲ್ಕ ಉಂಟು. ಇದನ್ನು ಸೆಲ್ಫ್ ಫಂಡೆಡ್ ಅಥವಾ ಸ್ವಂತ ಹಣದ ಯೋಜನೆ ಎನ್ನುತ್ತಾರೆ. ಉಳಿದ ಕಡೆ, ಹೆಚ್ಚಾಗಿ ಸಣ್ಣ ಸಂಸ್ಥೆಗಳಲ್ಲಿ, ಕಂಪನಿಯು ವಿಮಾ ಸಂಸ್ಥೆಯಿಂದ ಪಾಲಿಸಿಯನ್ನೇ ಕೊಳ್ಳುತ್ತದೆ. ಆಗ ಖರ್ಚಿನ ಅಪಾಯ ವಿಮಾ ಸಂಸ್ಥೆಯದು.

ನಿಮ್ಮದು ಯಾವ ಬಗೆ ಎಂದು ತಿಳಿಯಲು ಕಾರ್ಡನ್ನು ನಂಬಬೇಡಿ. ಯೋಜನೆಯ ಸಾರಾಂಶ ವಿವರಣೆ, ಅಂದರೆ ಎಸ್‌ಪಿಡಿ ಎಂಬ ದಾಖಲೆಯ ಕೊನೆಯ ಪುಟಗಳಲ್ಲಿ ಹಣದ ಮೂಲವನ್ನು ಬರೆದಿರುತ್ತಾರೆ. ಅದನ್ನು ಲಿಖಿತವಾಗಿ ಕೇಳಿದರೆ ಯೋಜನೆಯ ಆಡಳಿತಗಾರರು 30 ದಿನಗಳೊಳಗೆ ಕೊಡಬೇಕು; ಕೊಡದಿದ್ದರೆ ನ್ಯಾಯಾಲಯವು ದಿನಕ್ಕೆ 110 ಡಾಲರ್‌ವರೆಗೆ ದಂಡ ಹಾಕಬಹುದು. ಮುಂದಿನ ಹಲವು ಉತ್ತರಗಳು ಈ ಒಂದು ಸಂಗತಿಯ ಮೇಲೆಯೇ ನಿಂತಿರುವುದರಿಂದ, ಓದುವುದನ್ನು ಇಲ್ಲಿಗೇ ನಿಲ್ಲಿಸಿ ಆ ಪುಟವನ್ನು ಹುಡುಕಿದರೂ ತಪ್ಪಿಲ್ಲ.

ಹಣ ಯಾರದಾದರೇನು, ಚಿಕಿತ್ಸೆ ಸಿಕ್ಕರೆ ಸಾಲದೇ?

ಚಿಕಿತ್ಸೆ ಸಿಗುವುದೋ ಇಲ್ಲವೋ ಎಂಬುದೇ ಹಲವು ಬಾರಿ ಇದರಿಂದ ತೀರ್ಮಾನವಾಗುತ್ತದೆ. ಎರಿಸಾ ಕಾಯ್ದೆಯು ಉದ್ಯೋಗದಾತರ ಯೋಜನೆಗಳಿಗೆ ಸಂಬಂಧಿಸಿದ ರಾಜ್ಯ ಕಾನೂನುಗಳನ್ನು ಬದಿಗಿಡುತ್ತದೆ, ಆದರೆ ವಿಮಾ ಸಂಸ್ಥೆಗಳನ್ನು ನಿಯಂತ್ರಿಸುವ ಅಧಿಕಾರವನ್ನು ರಾಜ್ಯಗಳಿಗೇ ಬಿಡುತ್ತದೆ. ಹೀಗಾಗಿ ರಾಜ್ಯವೊಂದು ‘ಈ ಚಿಕಿತ್ಸೆಯನ್ನು ವಿಮೆ ಭರಿಸಲೇಬೇಕು’ ಎಂದು ಕಾನೂನು ಮಾಡಿದರೆ ಅದು ಕೊಂಡ ಪಾಲಿಸಿಗಳಿಗೆ ತಾಗುತ್ತದೆ, ಸ್ವಂತ ಹಣದ ಯೋಜನೆಗಳಿಗೆ ತಾಗುವುದಿಲ್ಲ.

ಕ್ಯಾಲಿಫೋರ್ನಿಯಾದ ಹೊಸ ಕಾನೂನನ್ನೇ ನೋಡಿ. ಎಸ್‌ಬಿ 729 ಎಂಬ ಶಾಸನದಂತೆ 2026ರ ಜನವರಿಯಿಂದ ಆ ರಾಜ್ಯದ ದೊಡ್ಡ ಗುಂಪು ಪಾಲಿಸಿಗಳು ಬಂಜೆತನದ ತಪಾಸಣೆಯನ್ನೂ, ಮೂರು ಬಾರಿ ಅಂಡಾಣು ಹೊರತೆಗೆಯುವುದೂ ಸೇರಿದಂತೆ ಐವಿಎಫ್ ಚಿಕಿತ್ಸೆಯನ್ನೂ ಒಳಗೊಳ್ಳಬೇಕು. ಬೇ ಏರಿಯಾದ ಒಂದೇ ಅಪಾರ್ಟ್‌ಮೆಂಟಿನ ಎರಡು ಕನ್ನಡ ಕುಟುಂಬಗಳಲ್ಲಿ, ಒಂದರ ಯಜಮಾನ ಮುನ್ನೂರು ಜನರ ಸಂಸ್ಥೆಯಲ್ಲಿ ಪಾಲಿಸಿ ಕೊಂಡ ಯೋಜನೆಯಲ್ಲಿದ್ದು, ಇನ್ನೊಂದರವರು ಸ್ವಂತ ಹಣದ ಯೋಜನೆಯಿರುವ ದೈತ್ಯ ಕಂಪನಿಯಲ್ಲಿದ್ದರೆ, ಈ ಹಕ್ಕು ಸಿಗುವುದು ಮೊದಲನೆಯವರಿಗೆ ಮಾತ್ರ. ಎರಡನೆಯವರಿಗೆ ಅದು ಕಂಪನಿಯ ಇಷ್ಟಕ್ಕೆ ಬಿಟ್ಟದ್ದು. ಅನೇಕ ದೊಡ್ಡ ಕಂಪನಿಗಳು ಈ ಸೌಲಭ್ಯವನ್ನು ತಾವಾಗಿಯೇ ಕೊಡುತ್ತವೆ ಎಂಬುದು ನಿಜ, ಆದರೆ ತಾನಾಗಿ ಕೊಟ್ಟದ್ದನ್ನು ಮುಂದಿನ ವರ್ಷ ತಾನಾಗಿ ಹಿಂತೆಗೆಯಲೂಬಹುದು.

ಈ ಗಡಿರೇಖೆ ಸ್ವಲ್ಪ ಸ್ವಲ್ಪವಾಗಿ ಅಲುಗುತ್ತಿರುವುದೂ ಉಂಟು. ಔಷಧ ಸೌಲಭ್ಯಗಳನ್ನು ನಿರ್ವಹಿಸುವ ಮಧ್ಯವರ್ತಿ ಕಂಪನಿಗಳು, ಅಂದರೆ ಪಿಬಿಎಂಗಳು, ಔಷಧದಂಗಡಿಗಳಿಗೆ ಕೊಡುವ ದರವನ್ನು ರಾಜ್ಯ ನಿಯಂತ್ರಿಸಬಹುದೆಂದು 2020ರ ಡಿಸೆಂಬರಿನಲ್ಲಿ ಆರ್ಕನ್ಸಾ ರಾಜ್ಯದ ರಟ್ಲೆಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಓಕ್ಲಹೋಮ ಇನ್ನೂ ಮುಂದೆ ಹೋಗಿ ಯೋಜನೆಯ ಔಷಧದಂಗಡಿಗಳ ಜಾಲ ಹೇಗಿರಬೇಕೆಂದೇ ವಿಧಿಸಿದಾಗ ಹತ್ತನೆಯ ಸರ್ಕಿಟ್ ಮೇಲ್ಮನವಿ ನ್ಯಾಯಾಲಯವು 2023ರಲ್ಲಿ ಅದನ್ನು ತಡೆಯಿತು. 2025ರ ಜೂನ್ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ದರ ನಿಯಂತ್ರಿಸಬಹುದು, ಯೋಜನೆಯ ರಚನೆಗೆ ಕೈಹಾಕಬಾರದು ಎಂಬಲ್ಲಿಗೆ ಸದ್ಯ ವಿಷಯ ನಿಂತಿದೆ.

ಕಂಪನಿಯು ಯೋಜನೆಯ ಹಣವನ್ನು ಪೋಲು ಮಾಡಿದರೆ ನೌಕರರು ದಾವೆ ಹೂಡಬಹುದೇ?

ಹೂಡಬಹುದು ಎನ್ನುತ್ತದೆ ಕಾಯ್ದೆ. ಆದರೆ ಆರೋಗ್ಯ ಯೋಜನೆಗಳ ಮೇಲಿನ ಮೊದಲ ದಾವೆಗಳನ್ನು ನ್ಯಾಯಾಲಯಗಳು ಬಾಗಿಲಲ್ಲೇ ತಡೆದಿವೆ. ಎರಿಸಾ ಪ್ರಕಾರ ಯೋಜನೆಯನ್ನು ನಡೆಸುವವರು ವಿಶ್ವಸ್ಥರು. ದೇವಸ್ಥಾನದ ಧರ್ಮದರ್ಶಿಗೆ ಹುಂಡಿಯ ಹಣದ ಮೇಲೆ ಯಾವ ಬಗೆಯ ಹೊಣೆಯಿರುತ್ತದೋ ಅದೇ ಬಗೆಯ ಹೊಣೆ ಇವರದು. ಸದಸ್ಯರ ಹಿತಕ್ಕಾಗಿ ಮಾತ್ರ, ತಿಳಿದವನು ತೋರುವ ಎಚ್ಚರದಿಂದ ಅದನ್ನು ಖರ್ಚು ಮಾಡಬೇಕು. ನಿವೃತ್ತಿ ಉಳಿತಾಯದ 401ಕೆ ಯೋಜನೆಗಳಲ್ಲಿ ಅತಿಯಾದ ಶುಲ್ಕ ತೆತ್ತ ಕಂಪನಿಗಳ ಮೇಲೆ ಇದೇ ಆಧಾರದಲ್ಲಿ ಹತ್ತಾರು ವರ್ಷಗಳಿಂದ ದಾವೆಗಳು ನಡೆದಿವೆ. ಆರೋಗ್ಯ ಯೋಜನೆಗಳ ಸರದಿ ಬಂದದ್ದು 2024ರಲ್ಲಿ.

ಆ ವರ್ಷದ ಫೆಬ್ರುವರಿಯಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ನೌಕರರೊಬ್ಬರು ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯದಲ್ಲಿ ದೂರು ದಾಖಲಿಸಿದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಗೆ ಕೊಡುವ ಟೆರಿಫ್ಲುನೊಮೈಡ್ ಎಂಬ ಜೆನೆರಿಕ್ ಔಷಧದ 90 ದಿನಗಳ ಪೂರೈಕೆಗೆ ಯೋಜನೆಯು 10,000 ಡಾಲರಿಗೂ ಹೆಚ್ಚು ತೆರುತ್ತಿತ್ತು, ವಿಮೆಯಿಲ್ಲದವರು ಅಂಗಡಿಗೆ ಹೋಗಿ ಕೊಂಡರೆ ಅದು 28ರಿಂದ 77 ಡಾಲರಿಗೆ ಸಿಗುತ್ತಿತ್ತು ಎಂಬುದು ಅದರಲ್ಲಿನ ಪ್ರಮುಖ ಆರೋಪ. 2025ರ ಜನವರಿಯಲ್ಲಿ ನ್ಯಾಯಾಲಯವು ಆರೋಪ ಸರಿಯೋ ತಪ್ಪೋ ಎಂಬ ಪ್ರಶ್ನೆಗೆ ಹೋಗಲೇ ಇಲ್ಲ. ಫಿರ್ಯಾದಿಯು ಇತರ ಚಿಕಿತ್ಸೆಗಳಿಂದಲೇ ವಾರ್ಷಿಕ ಸ್ವಂತ ಖರ್ಚಿನ ಮಿತಿಯನ್ನು (ಅದರಾಚೆಗಿನ ಖರ್ಚು ಯೋಜನೆಯದು) ಮುಟ್ಟಿದ್ದರಿಂದ ಔಷಧ ಅಗ್ಗವಾಗಿದ್ದರೂ ಅವರು ತೆರುವ ಒಟ್ಟು ಮೊತ್ತ ಅಷ್ಟೇ ಇರುತ್ತಿತ್ತು, ಪ್ರೀಮಿಯಂ ಹೆಚ್ಚಾಯಿತೆಂಬುದು ಬರೀ ಊಹೆ, ಆದ್ದರಿಂದ ದಾವೆ ಹೂಡುವಷ್ಟು ನಷ್ಟ ಅವರಿಗೆ ಆಗಿಲ್ಲ ಎಂದು ಮುಖ್ಯ ಆರೋಪಗಳನ್ನು ತಳ್ಳಿಹಾಕಿತು. ತಿದ್ದಿ ಸಲ್ಲಿಸಿದ ದೂರಿಗೂ ಅದೇ ವರ್ಷದ ನವೆಂಬರಿನಲ್ಲಿ ಅದೇ ಗತಿಯಾಯಿತು. ವೆಲ್ಸ್ ಫಾರ್ಗೊ ಬ್ಯಾಂಕಿನ ಯೋಜನೆಯ ಮೇಲಿನ ಇಂಥದೇ ದಾವೆಯನ್ನು ಮಿನ್ನೆಸೋಟದ ನ್ಯಾಯಾಲಯ 2025ರ ಮಾರ್ಚಿನಲ್ಲಿ ವಜಾ ಮಾಡಿತು. ಅದೇ ತಿಂಗಳು ಜೆಪಿ ಮಾರ್ಗನ್ ಚೇಸ್ ವಿರುದ್ಧ ನ್ಯೂಯಾರ್ಕಿನಲ್ಲಿ ಮತ್ತೊಂದು ದಾವೆ ದಾಖಲಾಯಿತು.

ಕಾಯಿಲೆ ಹೆಚ್ಚಾದಷ್ಟೂ ಖರ್ಚಿನ ಮಿತಿ ಬೇಗ ಮುಟ್ಟುತ್ತದೆ, ಮಿತಿ ಮುಟ್ಟಿದವನಿಗೆ ನಷ್ಟವಿಲ್ಲ ಎಂಬ ಈ ತರ್ಕದಲ್ಲಿ, ದುಬಾರಿ ಔಷಧ ಸೇವಿಸುವವನಿಗೇ ಅದರ ಬೆಲೆಯನ್ನು ಪ್ರಶ್ನಿಸುವ ಅಧಿಕಾರ ಇಲ್ಲದಂತಾಗುತ್ತದೆ. ಇದು ಬಹುಕಾಲ ನಿಲ್ಲುವ ನಿಲುವು ಎಂದು ನನಗೆ ಅನಿಸುವುದಿಲ್ಲ. 2025ರ ಏಪ್ರಿಲಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ನಿವೃತ್ತಿ ಯೋಜನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಿಷಿದ್ಧ ವಹಿವಾಟು, ಅಂದರೆ ಯೋಜನೆಗೆ ನಂಟಿರುವವರೊಡನೆ ಮಾಡಬಾರದ ವಹಿವಾಟು, ನಡೆದಿದೆ ಎಂದು ದೂರಿನಲ್ಲಿ ತೋರಿಸಿದರೆ ಸಾಕು, ಅದಕ್ಕೆ ವಿನಾಯಿತಿ ಇದೆ ಎಂದು ಹೇಳಿ ಸಾಧಿಸುವ ಹೊರೆ ಪ್ರತಿವಾದಿಯದು ಎಂದು ಒಮ್ಮತದಿಂದ ತೀರ್ಪಿತ್ತಿದೆ. ಆರೋಗ್ಯ ಯೋಜನೆಗಳ ವಕೀಲರೂ ಈಗ ಅದನ್ನು ಕೈಯಲ್ಲಿ ಹಿಡಿದಿದ್ದಾರೆ.

ಆಸ್ಪತ್ರೆಗೆ ಎಷ್ಟು ತೆತ್ತೆವೆಂಬುದು ಕಂಪನಿಗೇ ತಿಳಿಯದು ಎನ್ನುವ ಕಾಲ ಹೋಯಿತೇ?

ಕಾನೂನಿನಲ್ಲಿ ಹೋಗಿದೆ, ಆಚರಣೆಯಲ್ಲಿ ಪೂರ್ತಿ ಹೋಗಿಲ್ಲ. ಆಸ್ಪತ್ರೆಗಳ ದರವನ್ನು ಉದ್ಯೋಗದಾತರಿಗೆ ಹೇಳಬಾರದೆಂದು ಬಾಯಿ ಕಟ್ಟುವ ಷರತ್ತುಗಳನ್ನು 2020ರ ಡಿಸೆಂಬರ್ 27ರಂದು ಅಂಗೀಕಾರವಾದ ಶಾಸನವು ನಿಷೇಧಿಸಿತು, ಮತ್ತು ಅಂಥ ಷರತ್ತು ತಮ್ಮ ಒಪ್ಪಂದದಲ್ಲಿಲ್ಲವೆಂದು ಯೋಜನೆಗಳು ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಸರ್ಕಾರಕ್ಕೆ ದೃಢೀಕರಿಸಬೇಕು. ದಲ್ಲಾಳಿಗಳೂ ಸಲಹೆಗಾರರೂ 1,000 ಡಾಲರ್ ಅಥವಾ ಹೆಚ್ಚಿನ ಪ್ರತಿಫಲವನ್ನು, ಅದು ಯಾವ ಕಡೆಯಿಂದ ಬಂದರೂ, ಯೋಜನೆಗೆ ತಿಳಿಸಬೇಕು. ಒಪ್ಪಂದದ ದರಗಳಿರುವ ಕಡತಗಳನ್ನು 2022ರ ಜುಲೈಯಿಂದ ಸಾರ್ವಜನಿಕವಾಗಿ ಇಡಬೇಕಾಗಿದೆ. ಆ ಕಡತಗಳ ಗಾತ್ರ ಎಷ್ಟೆಂದರೆ ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ತೆರೆಯುವುದೇ ಕಷ್ಟ. ನೌಕರರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಯೋಜನೆಯ ಜಾಲತಾಣದಲ್ಲಿ ಕಡ್ಡಾಯವಾಗಿ ಇರಬೇಕಾದ ಬೆಲೆ ಹೋಲಿಕೆಯ ಸಾಧನ.

ನೆಟ್‌ವರ್ಕಿನ ಆಸ್ಪತ್ರೆಗೇ ಹೋದರೂ ಅರಿವಳಿಕೆ ಕೊಟ್ಟ ವೈದ್ಯರು ಹೊರಗಿನವರೆಂದು ಬೇರೆ ಬಿಲ್ಲು ಬಂದಿದೆ. ಕಟ್ಟಬೇಕೇ?

ನಿಮ್ಮ ಪಾಲಿನ ಕೋಪೇ (ಭೇಟಿಗಿಷ್ಟೆಂದು ಕಟ್ಟುವ ಮೊತ್ತ), ಡಿಡಕ್ಟಿಬಲ್ (ಯೋಜನೆ ಹಣ ಕೊಡಲು ಶುರುಮಾಡುವ ಮುಂಚೆ ನೀವು ಭರಿಸುವ ಮೊತ್ತ) ಮತ್ತು ಕೋಇನ್ಶೂರೆನ್ಸನ್ನು (ಬಿಲ್ಲಿನಲ್ಲಿ ನಿಮ್ಮ ಶೇಕಡಾವಾರು ಪಾಲು) ನೆಟ್‌ವರ್ಕಿನ, ಅಂದರೆ ಯೋಜನೆಯ ಒಪ್ಪಂದದ ಜಾಲದ, ದರದಲ್ಲಿ ಕಟ್ಟಿದರೆ ಸಾಕು. 2022ರ ಜನವರಿ 1ರಿಂದ ಜಾರಿಯಲ್ಲಿರುವ ನೋ ಸರ್ಪ್ರೈಸಸ್ ಕಾಯ್ದೆಯು ತುರ್ತು ಚಿಕಿತ್ಸೆ, ನೆಟ್‌ವರ್ಕಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹೊರಗಿನ ವೈದ್ಯರು ಮತ್ತು ವಿಮಾನ ಆಂಬುಲೆನ್ಸ್ ಈ ಮೂರಕ್ಕೂ ಅನ್ವಯಿಸುತ್ತದೆ, ಸ್ವಂತ ಹಣದ ಯೋಜನೆಗಳನ್ನೂ ಒಳಗೊಳ್ಳುತ್ತದೆ. ಮುಂಚಿತ ನೋಟಿಸು ಕೊಟ್ಟು ರೋಗಿಯ ಒಪ್ಪಿಗೆ ಪಡೆದು ಈ ರಕ್ಷಣೆಯನ್ನು ಬಿಡಿಸುವ ಅವಕಾಶ ಕೆಲವು ವೈದ್ಯರಿಗಿದೆ; ಆದರೆ ಅರಿವಳಿಕೆ, ರೇಡಿಯಾಲಜಿ, ಪೆಥಾಲಜಿಯಂಥ ಪೂರಕ ಸೇವೆಗಳವರಿಗೆ ಆ ಅವಕಾಶವೂ ಇಲ್ಲ. ರಸ್ತೆಯ ಮೇಲೆ ಓಡುವ ಆಂಬುಲೆನ್ಸನ್ನು ಮಾತ್ರ ಸಂಸತ್ತು ಹೊರಗೇ ಉಳಿಸಿದೆ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಆ ತೂತನ್ನು ತಮ್ಮ ಕಾನೂನಿನಿಂದ ಮುಚ್ಚಿದ್ದರೂ, ಅದು ಸ್ವಂತ ಹಣದ ಯೋಜನೆಗೆ ಮುಟ್ಟುವುದಿಲ್ಲ ಎಂಬುದನ್ನು ಈಗಾಗಲೇ ಊಹಿಸಿರುತ್ತೀರಿ.

ಬಾಕಿ ಮೊತ್ತಕ್ಕಾಗಿ ವೈದ್ಯರೂ ಯೋಜನೆಯೂ ಪಂಚಾಯಿತಿದಾರರ ಮುಂದೆ ಹೋಗುತ್ತಾರೆ. ಆ ವ್ಯವಸ್ಥೆಯ ನಿಯಮಗಳನ್ನು ಟೆಕ್ಸಸ್ ವೈದ್ಯಕೀಯ ಸಂಘವು ಒಂದರ ಮೇಲೊಂದು ದಾವೆ ಹೂಡಿ ಭಾಗಶಃ ರದ್ದುಮಾಡಿಸಿದೆ. ಆ ಜಗಳದಲ್ಲಿ ರೋಗಿಗೆ ಪಾತ್ರವಿಲ್ಲ.

ಮಾನಸಿಕ ಆರೋಗ್ಯದ ಚಿಕಿತ್ಸೆಗೆ ಬೇರೆ ಅಳತೆಗೋಲು ಇಡಬಹುದೇ?

ಇಡಬಾರದೆಂದು 2008ರ ಸಮಾನತೆಯ ಕಾಯ್ದೆ ಹೇಳುತ್ತದೆ. ಯೋಜನೆಯು ಮಾನಸಿಕ ಕಾಯಿಲೆಗೆ ಚಿಕಿತ್ಸೆ ಒದಗಿಸುವುದಾದರೆ, ಪೂರ್ವಾನುಮತಿ ಕೇಳುವುದರಲ್ಲಾಗಲಿ, ಭೇಟಿಗಳ ಸಂಖ್ಯೆಯಲ್ಲಾಗಲಿ, ವೈದ್ಯರ ಜಾಲವನ್ನು ಕಟ್ಟುವುದರಲ್ಲಾಗಲಿ, ದೈಹಿಕ ಕಾಯಿಲೆಗಿಂತ ಬಿಗಿಯಾದ ನಿರ್ಬಂಧ ಹಾಕುವಂತಿಲ್ಲ. ಎರಡನ್ನೂ ಹೋಲಿಸಿ ಬರೆದ ವಿಶ್ಲೇಷಣೆಯನ್ನು ಯೋಜನೆಗಳು 2021ರಿಂದ ಸಿದ್ಧವಾಗಿಟ್ಟುಕೊಳ್ಳಬೇಕು. 2024ರ ಸೆಪ್ಟೆಂಬರಿನಲ್ಲಿ ಬೈಡನ್ ಸರ್ಕಾರ ಇದಕ್ಕೆ ಕಟ್ಟುನಿಟ್ಟಾದ ನಿಯಮಗಳನ್ನು ತಂದಿತು. ದೊಡ್ಡ ಉದ್ಯೋಗದಾತರ ಸಂಘಟನೆಯೊಂದು ಅದನ್ನು ಪ್ರಶ್ನಿಸಿದ ಮೇಲೆ, 2025ರ ಮೇ 15ರಂದು ಹೊಸ ಸರ್ಕಾರ ಆ ನಿಯಮಗಳ ಹೊಸ ಭಾಗವನ್ನು ಜಾರಿಗೊಳಿಸುವುದಿಲ್ಲವೆಂದು ಪ್ರಕಟಿಸಿತು. ಇದನ್ನು ಕೇಳಿ ಸಮಾನತೆಯ ಹಕ್ಕೇ ಹೋಯಿತೆಂದು ಭಾವಿಸಿದವರಿದ್ದಾರೆ. ಹಾಗಲ್ಲ: ಮೂಲ ಕಾಯ್ದೆ, ಹಳೆಯ ನಿಯಮಗಳು ಮತ್ತು ಹೋಲಿಕೆಯ ವಿಶ್ಲೇಷಣೆಯ ಕರ್ತವ್ಯ ಹಾಗೆಯೇ ಉಳಿದಿವೆ. ಚಿಕಿತ್ಸೆ ನಿರಾಕರಿಸಿದಾಗ ಎರಿಸಾ ಯೋಜನೆಯ ಸದಸ್ಯರು ಆ ವಿಶ್ಲೇಷಣೆಯ ಪ್ರತಿಯನ್ನು ಕೇಳಬಹುದು, ಕೇಳಬೇಕು ಕೂಡ.

ಉಚಿತ ಮುಂಜಾಗ್ರತಾ ತಪಾಸಣೆಗಳು ಸುಪ್ರೀಂ ಕೋರ್ಟಿನಲ್ಲಿ ಉಳಿದವೇ?

ಉಳಿದವು, ಒಂದು ತೂಗುಗತ್ತಿಯ ಜೊತೆಗೆ. ಮ್ಯಾಮೊಗ್ರಾಂ, ಕೊಲೊನೊಸ್ಕೊಪಿ, ಸ್ಟ್ಯಾಟಿನ್ ಮಾತ್ರೆಗಳಂಥವನ್ನು ಶಿಫಾರಸು ಮಾಡಿ ಉಚಿತ ಪಟ್ಟಿಗೆ ಸೇರಿಸುವ ತಜ್ಞರ ಕಾರ್ಯಪಡೆಯ ನೇಮಕವೇ ಸಂವಿಧಾನಬದ್ಧವಲ್ಲ ಎಂಬ ವಾದವನ್ನು 2025ರ ಜೂನ್ 27ರಂದು ಬ್ರೇಡ್‌ವುಡ್ ಪ್ರಕರಣದಲ್ಲಿ ನ್ಯಾಯಾಲಯವು ಆರು ಮೂರರ ಬಹುಮತದಿಂದ ತಿರಸ್ಕರಿಸಿತು. ಅದಕ್ಕೆ ಕೊಟ್ಟ ಕಾರಣವೆಂದರೆ ಕಾರ್ಯಪಡೆಯ ಸದಸ್ಯರು ಆರೋಗ್ಯ ಕಾರ್ಯದರ್ಶಿಯ ಅಧೀನರು, ಅವರನ್ನು ಆತ ತೆಗೆಯಬಹುದು, ಅವರ ಶಿಫಾರಸುಗಳನ್ನು ಪರಿಶೀಲಿಸಬಹುದು ಎಂಬುದು. ಹೀಗಾಗಿ ಯಾವುದು ಉಚಿತ ಎಂಬುದು ಇನ್ನು ಮುಂದೆ ಆ ಹುದ್ದೆಯಲ್ಲಿ ಕುಳಿತವರ ಮನೋಧರ್ಮಕ್ಕೂ ಸಂಬಂಧಿಸಿದ ಸಂಗತಿಯಾಗಿದೆ.

ಕ್ಲೇಮು ತಿರಸ್ಕಾರವಾಯಿತು. ಮುಂದೇನು?

ಫೋನಿನಲ್ಲಿ ವಾದ ಮಾಡಿ ದಿನ ಕಳೆಯಬೇಡಿ. ಲಿಖಿತ ಮೇಲ್ಮನವಿ ಸಲ್ಲಿಸಿ. ತಿರಸ್ಕಾರದ ನೋಟಿಸು ಬಂದ ಮೇಲೆ ಕನಿಷ್ಠ 180 ದಿನಗಳ ಅವಕಾಶವಿದೆ, ಮತ್ತು ನಿಮ್ಮ ಕಡತದ ಪ್ರತಿ, ಅನ್ವಯಿಸಿದ ಮಾನದಂಡ, ಸಲಹೆ ಕೊಟ್ಟ ವೈದ್ಯರ ವಿವರ ಇವೆಲ್ಲವನ್ನೂ ಶುಲ್ಕವಿಲ್ಲದೆ ಪಡೆಯುವ ಹಕ್ಕಿದೆ. ತುರ್ತು ಸಂದರ್ಭದ ಮೇಲ್ಮನವಿಗೆ 72 ಗಂಟೆಗಳೊಳಗೆ ಉತ್ತರ ಬರಬೇಕು. ಚಿಕಿತ್ಸೆಗೆ ಮುಂಚಿನದಾದರೆ 30 ದಿನ, ಚಿಕಿತ್ಸೆ ಮುಗಿದ ಮೇಲಿನದಾದರೆ 60 ದಿನ. ಅಲ್ಲೂ ಸೋತರೆ, ವೈದ್ಯಕೀಯ ವಿವೇಚನೆಗೆ ಸಂಬಂಧಿಸಿದ ವಿಷಯವನ್ನು ನಾಲ್ಕು ತಿಂಗಳೊಳಗೆ ಹೊರಗಿನ ಸ್ವತಂತ್ರ ಪರಿಶೀಲನೆಗೆ ಒಯ್ಯಬಹುದು, ಮತ್ತು ಅಲ್ಲಿನ ತೀರ್ಮಾನಕ್ಕೆ ಯೋಜನೆ ಬದ್ಧ.

ನ್ಯಾಯಾಲಯಕ್ಕೆ ಹೋಗುವ ಯೋಚನೆಯಿದ್ದರೆ ಮೇಲ್ಮನವಿಯಲ್ಲಿಯೇ ಎಲ್ಲ ವೈದ್ಯಕೀಯ ದಾಖಲೆ, ವೈದ್ಯರ ಪತ್ರ ಸೇರಿಸುವುದು ಅತ್ಯಗತ್ಯ. ಮುಂದೆ ನ್ಯಾಯಾಧೀಶರು ಸಾಮಾನ್ಯವಾಗಿ ನೋಡುವುದು ಆ ಕಡತವನ್ನು ಮಾತ್ರ. 1987ರ ಪೈಲಟ್ ಲೈಫ್ ತೀರ್ಪಿನಿಂದೀಚೆಗೆ ಎರಿಸಾ ಯೋಜನೆಯ ಸದಸ್ಯನು ನಿರಾಕರಿಸಿದ ಸೌಲಭ್ಯವನ್ನು ಕೇಳಬಹುದೇ ಹೊರತು, ನಿರಾಕರಣೆಯಿಂದಾದ ಸಂಕಟಕ್ಕೆ ದಂಡರೂಪದ ಪರಿಹಾರವನ್ನು ಕೇಳುವಂತಿಲ್ಲ. ಈ ಕಾನೂನಿನಲ್ಲಿ ನೌಕರರಿಗೆ ಅತ್ಯಂತ ಅನ್ಯಾಯದ ಭಾಗ ಯಾವುದೆಂದು ಕೇಳಿದರೆ ನಾನು ಬೆರಳು ತೋರಿಸುವುದು ಇಲ್ಲಿಗೇ. ದಾವೆ ಹೂಡುವ ಕಾಲಮಿತಿಯನ್ನು ಯೋಜನೆಯೇ ಕಡಿಮೆ ಮಾಡಿರಬಹುದು, ಅದೂ ಎಸ್‌ಪಿಡಿಯಲ್ಲಿರುತ್ತದೆ.

ಲೇಆಫ್ ಆಯಿತು, ಇರುವುದು ಎಚ್-1ಬಿ ವೀಸಾದ ಮೇಲೆ. ಆರೋಗ್ಯ ಯೋಜನೆಯ ಗತಿಯೇನು?

ಇಲ್ಲಿ ಎರಡು ಗಡಿಯಾರಗಳು ಒಟ್ಟಿಗೆ ಓಡುತ್ತವೆ, ಅವನ್ನು ಬೆರೆಸಿಕೊಳ್ಳಬಾರದು. ದೇಶದಲ್ಲಿ ಉಳಿಯಲು ಎಚ್-1ಬಿ ನೌಕರರಿಗೆ ಸಿಗುವುದು ಗರಿಷ್ಠ 60 ದಿನಗಳ ಗಡುವು. ದೇಶದಲ್ಲಿ ಎಷ್ಟು ದಿನ ಇರಬಹುದೆಂದು ಹೇಳುವ ಐ-94 ದಾಖಲೆಯ ಅವಧಿ ಅದಕ್ಕೂ ಮೊದಲೇ ಮುಗಿದರೆ ಗಡುವೂ ಅಲ್ಲಿಗೇ ಮುಗಿಯುತ್ತದೆ. ಆರೋಗ್ಯ ಯೋಜನೆಯ ಗಡಿಯಾರ ಬೇರೆ. ಕಂಪನಿಯಲ್ಲಿ 20 ಅಥವಾ ಹೆಚ್ಚು ನೌಕರರಿದ್ದರೆ ಕೋಬ್ರಾ ಕಾನೂನಿನಡಿ ಅದೇ ಯೋಜನೆಯನ್ನು 18 ತಿಂಗಳವರೆಗೆ ಮುಂದುವರಿಸಬಹುದು. ಅದಕ್ಕೆ ವೀಸಾ ಸ್ಥಿತಿಯ ಷರತ್ತಿಲ್ಲ. ಗಂಭೀರ ದುರ್ನಡತೆಗಾಗಿ ಕೆಲಸದಿಂದ ತೆಗೆದವರಿಗೆ ಮಾತ್ರ ಈ ಹಕ್ಕಿಲ್ಲ.

ಬೆಲೆ ಕೇಳಿದಾಗ ಎದೆ ಝಲ್ಲೆನ್ನುತ್ತದೆ. ಈವರೆಗೆ ಕಂಪನಿ ಕಟ್ಟುತ್ತಿದ್ದ ಪಾಲೂ ಸೇರಿ ಪೂರ್ತಿ ಪ್ರೀಮಿಯಂ, ಅದರ ಮೇಲೆ ನೂರಕ್ಕೆ 2ರ ಆಡಳಿತ ಶುಲ್ಕ ನಿಮ್ಮದೇ ಆಗುತ್ತದೆ. ಕುಟುಂಬದ ಯೋಜನೆಯೊಂದರ ಸರಾಸರಿ ವಾರ್ಷಿಕ ಪ್ರೀಮಿಯಂ 2025ರಲ್ಲಿ 27,000 ಡಾಲರಿನ ಹತ್ತಿರ ಬಂದಿತ್ತು ಎಂದರೆ ತಿಂಗಳಿಗೆ 2,200 ಡಾಲರಿಗೂ ಮೇಲಾಯಿತು. ಆದರೆ ಒಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ: ಒಪ್ಪಿಗೆ ಕೊಡಲು 60 ದಿನ, ಒಪ್ಪಿದ ಮೇಲೆ ಮೊದಲ ಕಂತು ಕಟ್ಟಲು ಮತ್ತೆ 45 ದಿನಗಳಿವೆ, ಮತ್ತು ರಕ್ಷಣೆ ಹಿಂದಿನ ದಿನಾಂಕದಿಂದಲೇ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಆ ಅವಧಿಯಲ್ಲಿ ಯಾರಿಗೂ ಕಾಯಿಲೆ ಬೀಳದೆ ಹೊಸ ಕೆಲಸ ಸಿಕ್ಕರೆ ಏನೂ ಕಟ್ಟಬೇಕಿಲ್ಲ. ಆಸ್ಪತ್ರೆ ಸೇರಬೇಕಾಗಿ ಬಂದರೆ ಆಗ ಒಪ್ಪಿ, ಹಿಂದಿನ ಕಂತುಗಳನ್ನೆಲ್ಲ ಕಟ್ಟಿದರೆ ಬಿಲ್ಲು ಯೋಜನೆಗೆ ಹೋಗುತ್ತದೆ. ದಿನಾಂಕಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬಲ್ಲ ಶಿಸ್ತು ಇದ್ದವರಿಗೆ ಮಾತ್ರ ಈ ದಾರಿ.

ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದರೆ ಎಲ್ಲಕ್ಕಿಂತ ಮೊದಲು ಇನ್ನೊಬ್ಬರ ಕಂಪನಿಯ ಯೋಜನೆಗೆ ಸೇರಲು 30 ದಿನಗಳೊಳಗೆ ಅರ್ಜಿ ಹಾಕಿ. ಸರ್ಕಾರದ ಮಾರ್ಕೆಟ್‌ಪ್ಲೇಸಿನಲ್ಲಿ ಪಾಲಿಸಿ ಕೊಳ್ಳಲು 60 ದಿನಗಳ ಅವಕಾಶವಿದೆ, ಎಚ್-1ಬಿ ಮತ್ತು ಎಚ್-4 ವೀಸಾದವರೂ ಕೊಳ್ಳಬಹುದು. ಆದರೆ 2025ರ ಜುಲೈ 4ರಂದು ಕಾಯ್ದೆಯಾದ ತೆರಿಗೆ ಮಸೂದೆಯ ಪ್ರಕಾರ 2027ರ ಜನವರಿಯಿಂದ ಇಂಥ ವೀಸಾದವರಿಗೆ ಪ್ರೀಮಿಯಂ ಸಹಾಯಧನ ಸಿಗುವುದಿಲ್ಲ. ವಲಸಿಗರಲ್ಲಿ ಅದು ಗ್ರೀನ್ ಕಾರ್ಡ್ ಇರುವವರಿಗೂ ಇನ್ನು ಕೆಲವೇ ವರ್ಗಗಳಿಗೂ ಸೀಮಿತವಾಗುತ್ತದೆ. ಕೋಬ್ರಾಕ್ಕೆ ಸೇರಿ ವರ್ಷದ ನಡುವೆ ಬೇಸತ್ತು ಬಿಟ್ಟರೆ, ಮಾರ್ಕೆಟ್‌ಪ್ಲೇಸಿನ ಬಾಗಿಲು ಮುಂದಿನ ಓಪನ್ ಎನ್‌ರೋಲ್‌ಮೆಂಟಿನವರೆಗೆ ತೆರೆಯುವುದಿಲ್ಲ ಎಂಬುದೂ ನೆನಪಿರಲಿ.

ಮಗು ಹುಟ್ಟಿದೆ. ಆಸ್ಪತ್ರೆಯವರೇ ಯೋಜನೆಗೆ ತಿಳಿಸುತ್ತಾರಲ್ಲವೇ?

ಇಲ್ಲ. 30 ದಿನಗಳೊಳಗೆ ನೀವೇ ಸೇರಿಸಬೇಕು. ಸೇರಿಸಿದರೆ ಹುಟ್ಟಿದ ದಿನದಿಂದಲೇ ರಕ್ಷಣೆ ಸಿಗುತ್ತದೆ. ಸೋಷಿಯಲ್ ಸೆಕ್ಯುರಿಟಿ ನಂಬರು ಬರಲೆಂದು ಕಾದು, ಬಾಣಂತನದ ಗಡಿಬಿಡಿಯಲ್ಲಿ ಗಡುವನ್ನು ದಾಟಿಸಬೇಡಿ. ನಂಬರನ್ನು ಆಮೇಲೂ ಕೊಡಬಹುದು.

ಅಪ್ಪ ಅಮ್ಮನನ್ನು ಸೇರಿಸಬಹುದೇ?

ಬೆಂಗಳೂರಿನ ಕಂಪನಿಗಳ ಗುಂಪು ಮೆಡಿಕ್ಲೇಮಿನಲ್ಲಿ ತಂದೆ ತಾಯಿಯರನ್ನು ಸೇರಿಸಿ ಅಭ್ಯಾಸವಾದವರಿಗೆ ಇದು ವಿಚಿತ್ರವೆನಿಸುತ್ತದೆ, ಆದರೆ ಅಮೆರಿಕದ ಬಹುತೇಕ ಯೋಜನೆಗಳಲ್ಲಿ ಸಂಗಾತಿ ಮತ್ತು 26 ವರ್ಷ ತುಂಬದ ಮಕ್ಕಳಿಗೆ ಮಾತ್ರ ಜಾಗ. ಮಕ್ಕಳ ವಿಷಯದ ಆ ನಿಯಮ 2010ರ ಆರೋಗ್ಯ ಕಾಯ್ದೆಯದು. ತಂದೆ ತಾಯಿಯರ ಬಗ್ಗೆ ಅಂಥ ಕಡ್ಡಾಯವಿಲ್ಲ. ಭೇಟಿಗೆ ಬರುವವರಿಗೆ ಸಂದರ್ಶಕರ ವಿಮೆಯೇ ಗತಿ. ಅದಕ್ಕೆ ಈ ಪುಟದಲ್ಲಿ ಹೇಳಿದ ರಕ್ಷಣೆಗಳು ಯಾವುವೂ ಇಲ್ಲ. ಮೊದಲೇ ಇದ್ದ ಸಕ್ಕರೆ ಕಾಯಿಲೆ, ಹೃದ್ರೋಗಗಳನ್ನು ಅದು ಹೊರಗಿಡಬಹುದು. ಗ್ರೀನ್ ಕಾರ್ಡ್ ಪಡೆದು ಐದು ವರ್ಷ ಸತತವಾಗಿ ಇಲ್ಲಿಯೇ ನೆಲೆಸಿದ 65 ದಾಟಿದ ಹಿರಿಯರು ಪ್ರೀಮಿಯಂ ಕಟ್ಟಿ ಮೆಡಿಕೇರ್ ಎಂಬ ಹಿರಿಯರ ಸರ್ಕಾರಿ ಆರೋಗ್ಯ ವಿಮೆಗೆ ಸೇರಬಹುದು.

ಎಚ್‌ಎಸ್‌ಎ ಖಾತೆಯ ನಿಯಮಗಳಲ್ಲಿ ಏನು ಬದಲಾಗಿದೆ?

ಎಚ್‌ಎಸ್‌ಎ ಎಂದರೆ ಹೆಚ್ಚು ಡಿಡಕ್ಟಿಬಲ್ ಇರುವ ಯೋಜನೆಯವರು ಆರೋಗ್ಯದ ಖರ್ಚಿಗೆಂದು ತೆರಿಗೆಯಿಲ್ಲದೆ ಹಣ ಕೂಡಿಡುವ ಖಾತೆ. 2025ರ ಅದೇ ಜುಲೈ ಶಾಸನ ಇಲ್ಲಿ ನೌಕರರಿಗೆ ಅನುಕೂಲ ಮಾಡಿದೆ. ಡಿಡಕ್ಟಿಬಲ್ ಮುಟ್ಟುವ ಮೊದಲೇ ಯೋಜನೆಯು ಟೆಲಿಹೆಲ್ತ್ ಸಮಾಲೋಚನೆಯ ಖರ್ಚು ಭರಿಸಿದರೂ ಎಚ್‌ಎಸ್‌ಎ ಅರ್ಹತೆ ಹೋಗದು ಎಂಬ ಕೋವಿಡ್ ಕಾಲದ ತಾತ್ಕಾಲಿಕ ರಿಯಾಯಿತಿ ಈಗ ಕಾಯಂ ಆಗಿದೆ. 2026ರಿಂದ, ತಿಂಗಳಿಗೆ ಒಬ್ಬರಿಗೆ 150 ಡಾಲರ್, ಒಬ್ಬರಿಗಿಂತ ಹೆಚ್ಚಿದ್ದರೆ 300 ಡಾಲರ್ ಮೀರದ ಶುಲ್ಕಕ್ಕೆ ವೈದ್ಯರೊಂದಿಗೆ ನೇರ ಒಪ್ಪಂದ ಮಾಡಿಕೊಂಡವರೂ ಖಾತೆಗೆ ಹಣ ಹಾಕಬಹುದು, ಆ ಶುಲ್ಕವನ್ನು ಖಾತೆಯಿಂದಲೇ ಕೊಡಬಹುದು. 2026ರಲ್ಲಿ ಖಾತೆಗೆ ಹಾಕಬಹುದಾದ ಗರಿಷ್ಠ ಮೊತ್ತ ಒಬ್ಬರಿಗೆ 4,400, ಕುಟುಂಬಕ್ಕೆ 8,750 ಡಾಲರ್. ಸಂಗಾತಿಯ ಕಂಪನಿಯಲ್ಲಿ ಸಾಮಾನ್ಯ ಎಫ್‌ಎಸ್‌ಎ (ಚಿಕಿತ್ಸೆಯ ಖರ್ಚಿಗೆ ಕಂಪನಿಯ ಮೂಲಕ ತೆರಿಗೆಯಿಲ್ಲದೆ ಹಣ ತೆಗೆದಿಡುವ ವ್ಯವಸ್ಥೆ) ಇದ್ದರೆ ನೀವು ಎಚ್‌ಎಸ್‌ಎಗೆ ಅನರ್ಹರಾಗಬಹುದು. ದಂಪತಿಗಳು ಪರಸ್ಪರ ಕೇಳದೆ ಮಾಡುವ ತಪ್ಪುಗಳಲ್ಲಿ ಇದು ಮುಖ್ಯವಾದದ್ದು. ಕ್ಯಾಲಿಫೋರ್ನಿಯಾ ಮತ್ತು ನ್ಯೂಜೆರ್ಸಿ ರಾಜ್ಯ ತೆರಿಗೆಯಲ್ಲಿ ಈ ಖಾತೆಗೆ ವಿನಾಯಿತಿ ಕೊಡುವುದಿಲ್ಲ.

ರಜೆಗೆ ಊರಿಗೆ ಹೋದಾಗ ಮೈಸೂರಿನಲ್ಲೋ ಮಂಗಳೂರಿನಲ್ಲೋ ಹಲ್ಲಿನ ಚಿಕಿತ್ಸೆ ಮಾಡಿಸಿಕೊಂಡರೆ ಆ ಖರ್ಚನ್ನು ಈ ಖಾತೆಯಿಂದ ತೆಗೆಯಬಹುದು, ರಸೀದಿ ಇಟ್ಟುಕೊಳ್ಳಿ. ಎರಡೂ ದೇಶಗಳಲ್ಲಿ ಕಾನೂನುಬದ್ಧವಾದ ಔಷಧವನ್ನು ವೈದ್ಯರ ಚೀಟಿಯ ಮೇಲೆ ಅಲ್ಲಿಯೇ ಕೊಂಡು ಅಲ್ಲಿಯೇ ಸೇವಿಸಿದರೆ ಅದೂ ಸೇರುತ್ತದೆ. ಸೂಟ್‌ಕೇಸಿನಲ್ಲಿ ತಂದ ಆರು ತಿಂಗಳ ಮಾತ್ರೆಗಳು ಸೇರುವುದಿಲ್ಲ.

ಯೋಜನೆ ಕೊಡಲೇಬೇಕೆಂಬ ಕಡ್ಡಾಯ ಎಲ್ಲ ಕಂಪನಿಗಳಿಗೂ ಇದೆಯೇ?

ಪೂರ್ಣಾವಧಿಯ ಲೆಕ್ಕದಲ್ಲಿ 50 ಅಥವಾ ಹೆಚ್ಚು ನೌಕರರಿರುವ ಕಂಪನಿಗೆ ಮಾತ್ರ; ಕೊಡದಿದ್ದರೆ ಅದು ದಂಡ ತೆರಬೇಕಾಗಬಹುದು. ವಾರಕ್ಕೆ 30 ಗಂಟೆ ದುಡಿದರೆ ಪೂರ್ಣಾವಧಿ. ಕೇವಲ ನೌಕರನೊಬ್ಬನಿಗೆ ಅನ್ವಯಿಸುವ ಅತಿ ಅಗ್ಗದ ಯೋಜನೆಯಲ್ಲಿ ಅವನ ಪಾಲು 2026ರಲ್ಲಿ ಕುಟುಂಬದ ಆದಾಯದ ನೂರಕ್ಕೆ 9.96 ಮೀರಬಾರದು, 2025ರಲ್ಲಿ ಈ ಪ್ರಮಾಣ 9.02 ಇತ್ತು, ಅಂದರೆ ಕಂಪನಿಗಳು ನೌಕರರ ಮೇಲೆ ಇನ್ನಷ್ಟು ಹೊರಿಸಲು ಅವಕಾಶವಾಗಿದೆ. 2024ರ ಡಿಸೆಂಬರಿನ ಶಾಸನದ ಬಳಿಕ ಕಂಪನಿಯು ಯೋಜನೆ ಕೊಟ್ಟ ವಿವರವಿರುವ 1095-ಸಿ ನಮೂನೆಯನ್ನು ಎಲ್ಲರಿಗೂ ತಾನಾಗಿ ಕಳಿಸಬೇಕಿಲ್ಲ, ಕೇಳಿದವರಿಗೆ ಕೊಟ್ಟರೆ ಸಾಕು.

ನನ್ನ ಕಾಯಿಲೆ ಏನೆಂಬುದು ಮ್ಯಾನೇಜರಿಗೆ ತಿಳಿಯುತ್ತದೆಯೇ?

ತಿಳಿಯಬಾರದು. ಸ್ವಂತ ಹಣದ ಯೋಜನೆಯಲ್ಲಿ ಕಂಪನಿಯ ಕೆಲವು ಸಿಬ್ಬಂದಿಗೆ ಕ್ಲೇಮಿನ ಮಾಹಿತಿ ಸಿಗುವುದುಂಟು, ಆದರೆ ಆರೋಗ್ಯ ಮಾಹಿತಿಯ ಗೋಪ್ಯತೆಯನ್ನು ಕಾಯುವ ಹಿಪಾ ಕಾನೂನಿನಂತೆ ಅದನ್ನು ಯೋಜನೆಯ ಆಡಳಿತಕ್ಕೆ ಮಾತ್ರ ಬಳಸಬೇಕು. ಬಡ್ತಿ, ವಜಾ ಮುಂತಾದ ನೌಕರಿಯ ತೀರ್ಮಾನಗಳಿಗೆ ಬಳಸುವುದು ಆ ಕಾನೂನಿನ ಉಲ್ಲಂಘನೆಯಾಗುತ್ತದೆ.

ದೂರು ಕೊಡುವುದು ಯಾರಿಗೆ?

ಮತ್ತೆ ಎಸ್‌ಪಿಡಿಯ ಅದೇ ಪುಟಕ್ಕೆ ಹೋಗಬೇಕು. ಕಂಪನಿ ಪಾಲಿಸಿ ಕೊಂಡಿದ್ದರೆ ನಿಮ್ಮ ಪಾಲಿಸಿ ಹೊರಟ ರಾಜ್ಯದ ವಿಮಾ ಇಲಾಖೆಗೆ ಬರೆಯಿರಿ. ಆ ರಾಜ್ಯ ನೀವು ವಾಸಿಸುವ ರಾಜ್ಯವೇ ಆಗಿರಬೇಕೆಂದಿಲ್ಲ. ಸ್ವಂತ ಹಣದ ಯೋಜನೆಯಾದರೆ ರಾಜ್ಯದ ಇಲಾಖೆ ನಿಮ್ಮ ಪತ್ರವನ್ನು ನಯವಾಗಿ ಹಿಂದಿರುಗಿಸುತ್ತದೆ. ಅಂಥವರು ಹೋಗಬೇಕಾದದ್ದು ಫೆಡರಲ್ ಕಾರ್ಮಿಕ ಇಲಾಖೆಯ ಇಬಿಎಸ್‌ಎ ವಿಭಾಗಕ್ಕೆ. ಅಲ್ಲಿನ ಸಲಹೆಗಾರರು ಶುಲ್ಕವಿಲ್ಲದೆ ದೂರನ್ನು ಕೇಳಿಕೊಳ್ಳುತ್ತಾರೆ, ಎಷ್ಟೋ ಸಲ ಕಂಪನಿಗೆ ಒಂದು ಕರೆ ಮಾಡಿಯೇ ವಿವಾದವನ್ನು ಬಗೆಹರಿಸುತ್ತಾರೆ. ಅನಿರೀಕ್ಷಿತ ಬಿಲ್ಲಿನ ದೂರುಗಳಿಗೆ ಮಾತ್ರ ಎರಡೂ ಬಗೆಯ ಯೋಜನೆಯವರಿಗೆ ಸಮಾನವಾದ ಫೆಡರಲ್ ಸಹಾಯವಾಣಿ ಇದೆ. ಪತ್ರದ ಜೊತೆ ತಿರಸ್ಕಾರದ ನೋಟಿಸು, ಮೇಲ್ಮನವಿಯ ಪ್ರತಿ ಮತ್ತು ಎಸ್‌ಪಿಡಿಯ ಆ ಪುಟವನ್ನು ಲಗತ್ತಿಸಿ.